ನೀಲಿ ಹೊಗೆ

ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅಣೆಕಟ್ಟಿನ ಮೇಲೆ ನೀಲಿ ಹೊಗೆ ಎದ್ದಿತ್ತು. ಅದನ್ನು ಕಂಡದ್ದೇ ತಡ, ಟೋರುನ್‌ಗೆ ಪಿತ್ತ ನೆತ್ತಿಗೇರಿತು.

"ನಿಲ್ಲಿಸ್ರೋ ಮಷೀನು!" ಎಂದು ಡಾಂಬರು ಹಾಸುತ್ತಿದ್ದವರತ್ತ ಕೂಗಿದಳು.

ನಾರ್ವೆಯ ಬೆಟ್ಟದ ಮೇಲಿನ ಆ ಅಣೆಕಟ್ಟು ಬರೀ ಕಲ್ಲುರಾಶಿ. ನಟ್ಟನಡುವಿನ ಡಾಂಬರಿನ ತೆಳುಗೋಡೆಯೊಂದೇ ನೀರು ತಡೆಯುವುದು. ಕಲ್ಲು ಕುಸಿದು ಕೂರುವಾಗ ಗೋಡೆಯೂ ಜೊತೆಗೆ ಬಾಗಬೇಕು, ಬಿರಿಯಬಾರದು. ಡಾಂಬರು ಆರಿದರೆ ಕೆಳಗಿನ ಪದರಕ್ಕೆ ಅಂಟುವುದಿಲ್ಲ. ಅತಿಯಾಗಿ ಕಾದರೆ ನೀಲಿ ಹೊಗೆಯೆದ್ದು ಸೀದುಹೋಗಿ ಬಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಗೋಡೆ ಕಟ್ಟಿಸುವ ಹೊಣೆ ಟೋರುನ್‌ಳದು. ಕಣಿವೆಯಲ್ಲಿ ಡಾಂಬರು ಕಾಯಿಸಿ ಕಳಿಸುವವನು ಅವಳ ಒಡಹುಟ್ಟಿದ ಅಣ್ಣ ಎಸ್ಪೆನ್. ಚಳಿಗಾಳಿಗೆ ದಾರಿಯಲ್ಲೇ ಆರೀತೆಂದು ಹೆದರಿ ಉರಿ ಹೆಚ್ಚಿಸಿದ್ದಾನೆ, ಮಹಾರಾಯ!

ಮೇಲಧಿಕಾರಿ ಹಾಲ್ವರ್ ಏದುಸಿರು ಬಿಡುತ್ತಾ ಬಂದ. "ಇದು ಕೊನೇ ಪದರ ಕಣೇ! ಇವತ್ತು ಮುಗೀದಿದ್ರೆ ನಾಳೆ ಹಿಮ, ಆಮೇಲೆ ಮುಂದಿನ ಬೇಸಿಗೇನೇ ಗತಿ. ಗೋಡೆ ಮುಗಿದ ಹಬ್ಬಕ್ಕೆ ಅಂತ ಸಂಜೆಗೆ ವಾಫಲ್ ದೋಸೆ ಹಿಟ್ಟೂ ಕಲಸಿಟ್ಟಿದೆ."

"ವಾಫಲ್ ನೀನೇ ತಿನ್ನು. ಈ ಸೀದದ್ದನ್ನ ಹಾಸೋಕೆ ನಾನು ಬಿಡಲ್ಲ. ಹಾಸಿದ್ದನ್ನೆಲ್ಲ ಅಗೆದು ತೆಗೀಬೇಕು."

"ಮುಚ್ಚಿದ್ಮೇಲೆ ಯಾರಿಗೆ ಕಾಣುತ್ತೆ?"

"ನೀರಿಗೆ ಕಾಣುತ್ತೆ. ನೀನು ಓಸ್ಲೋಗೆ ಹೋಗ್ತೀಯ. ಕೆಳಗಿರೋದು ನಮ್ಮೂರು."

"ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ!"

"ನಾಳೆ ಮಾತು ನಾಳೆ," ಎಂದವಳೇ ಮಷೀನಿಗೆ ಅಡ್ಡ ನಿಂತಳು. ಕಾಲು ಕದಲಿಸಲಿಲ್ಲ.

ಸುದ್ದಿ ಮುಟ್ಟಿ ಎಸ್ಪೆನ್ ಬಂದ. ಮುಖ ಕೆಂಡವಾಗಿತ್ತು. "ಎಲ್ಲರೆದುರು ನನ್ನ ಮಾನ ಕಳೀತೀಯೇನೇ? ನಿನಗೇ ಅನುಕೂಲ ಆಗ್ಲಿ ಅಂತ ಬಿಸಿ ಜಾಸ್ತಿ ಮಾಡ್ದೆ!"

ಟೋರುನ್ ನಿನ್ನೆಯ ಡಾಂಬರಿನದೊಂದು ತುಂಡು, ಇವತ್ತಿನದರಲ್ಲಿ ಆರಿದ್ದೊಂದು ತುಂಡು ಕಲ್ಲಿನ ಮೇಲಿಟ್ಟು ಸುತ್ತಿಗೆ ಬೀಸಿದಳು. ನಿನ್ನೆಯದು ಬಿರಿಯದೆ ಸುಮ್ಮನೆ ತಗ್ಗಿತು. ಇವತ್ತಿನದು ಪುಡಿಪುಡಿಯಾಯಿತು.

ಎಸ್ಪೆನ್ ಆ ಪುಡಿಯನ್ನು ಬೆರಳಲ್ಲಿ ಕೆದಕಿದ. ಅವನ ಮನೆಯೂ ಕೆಳಗೇ ಇತ್ತು, ಮಕ್ಕಳೂ ಅಲ್ಲೇ ಇದ್ದರು.

"ಕೆಡಿಸಿದ್ದು ನಾನು, ಹಾಲ್ವರ್," ಎಂದ. "ಅವಳನ್ನ ಕಳಿಸೋದಾದ್ರೆ ನನ್ನೂ ಕಳಿಸು." ಹಾಗೆಂದು ಗುದ್ದಲಿ ಎತ್ತಿಕೊಂಡ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎತ್ತಿಕೊಂಡರು.

ಅಷ್ಟರಲ್ಲಿ ಹಿಮದ ಮೊದಲ ಚೂರು ಟೋರುನ್‌ಳ ತೋಳಿನ ಮೇಲೆ ಬಿತ್ತು.

"ನೋಡು, ಶುರುವಾಯ್ತು," ಎಂದು ಹಾಲ್ವರ್ ಹಲ್ಲು ಕಡಿದ.

"ಬೀಳ್ಲಿ," ಎಂದಳು ಟೋರುನ್. "ಮುಂದಿನ ಬೇಸಿಗೇಲಿ ಬಾಗೋ ಗೋಡೇನೇ ಕಟ್ತೀವಿ." ಅಣ್ಣನ ಪಕ್ಕದಲ್ಲಿ ನಿಂತು ಅವಳೂ ಅಗೆಯತೊಡಗಿದಳು.