ಬರೀ ನೆಗಡಿ ಅಂದುಕೊಂಡವನು

ಬೇಕರಿಯವನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಆಪರೇಷನ್ ಸಲೀಸಾಗಿ ಮುಗಿದಿತ್ತು. ಇನ್ನು ಮೂರು ದಿನಕ್ಕೆ ಮನೆಗೆ ಕಳಿಸುತ್ತೇವೆ ಎಂದಿದ್ದರು ಡಾಕ್ಟರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳೇ. ನೋಡದೆ ಇರುವುದು ಹೇಗೆ? ಅವನಿಗೋ ಮೂಗು ಸೋರುತ್ತಿತ್ತು, ಮೈ ಬಿಸಿಯಿತ್ತು. ಒಂದು ಮಾತ್ರೆ ನುಂಗಿ ಹೊರಟೇಬಿಟ್ಟ.

ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. "ಏನಣ್ಣ, ನೆಗಡಿನಾ?"

"ಇಲ್ಲ ಸಿಸ್ಟರ್, ಮೈದಾ ಧೂಳು. ನಮ್ಮ ಕೆಲಸಾನೇ ಹಂಗೆ."

ಒಳಗೆ ಹೋಗಿ, ಮೂಗು ಒರೆಸಿದ ಕೈಯಲ್ಲೇ ಅಕ್ಕನ ಕೈ ಹಿಡಿದು ಕೂತ. ಎರಡು ಸಲ ಜೋರಾಗಿ ಸೀನಿದ. "ಮಂಚಾನೇ ಅಲ್ಲಾಡ್ತಲ್ಲೋ!" ಎಂದು ಅಕ್ಕ ನಕ್ಕಳು.

ಮೂರನೆಯ ದಿನ ಅಕ್ಕನಿಗೆ ಜ್ವರ ಏರಿತು. ಕೆಮ್ಮು, ಏದುಸಿರು. ಮನೆಗೆ ಹೋಗಬೇಕಾದವಳಿಗೆ ಆಕ್ಸಿಜನ್ ಹಾಕಿದರು.

ಭಾವ ನರ್ಸ್ ಮೇಲೆ ಹರಿಹಾಯ್ದ. "ಕಾಲು ಸರಿ ಮಾಡಿ ಅಂತ ಸೇರಿಸಿದ್ರೆ, ಇಲ್ಲದ ರೋಗ ಅಂಟಿಸಿದ್ದೀರಾ! ಒಳ್ಳೆ ಆಂಟಿಬಯಾಟಿಕ್ ಕೊಡೋಕೆ ಏನು ಕಷ್ಟ?"

ಬೇಕರಿಯವನೂ ಹಿಂದೆ ನಿಂತು ತಲೆಯಾಡಿಸಿದ.

"ಮೂಗಿನ ದ್ರವ ಪರೀಕ್ಷೆ ಮಾಡಿಸಿದ್ವಿ ಸಾರ್. ಫ್ಲೂ ವೈರಸ್ ಇದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗೆ, ವೈರಸ್ ಹತ್ರ ಅದರ ಆಟ ನಡೆಯಲ್ಲ. ಫ್ಲೂಗೆ ಬೇರೆ ಔಷಧಿ ಶುರು ಮಾಡಿದ್ದೀವಿ."

"ನೆಗಡಿಗೆ ಯಾರಾದ್ರೂ ಆಕ್ಸಿಜನ್ ಹಾಕ್ತಾರಾ?"

"ಗಟ್ಟಿಮುಟ್ಟಾದವರು ನಾಲ್ಕು ದಿನ ಸೀನಿ ಸುಧಾರಿಸ್ಕೋತಾರೆ. ವಯಸ್ಸಾದವರಿಗೆ, ಎಳೆಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ ಅದೇ ವೈರಸ್ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಫ್ಲೂ ಒಂದೇ ಅಲ್ಲ, ಕೊರೊನಾ ಇದೆ, ಇನ್ನೂ ಎಷ್ಟೋ ಇವೆ. ಕೆಮ್ಮಿದ ಹನಿಯಿಂದ, ಮೂಗು ಒರೆಸಿದ ಕೈಯಿಂದ ಹರಡುತ್ತವೆ. ನೆಗಡಿ ಇದ್ದವರು ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ!" ಎಂದ ಭಾವ.

ಬೇಕರಿಯವನು ಮುಂದೆ ಬಂದ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನೇ ಬಂದಿದ್ದೆ. ಸಿಸ್ಟರ್ ಕೇಳಿದ್ರು. ಸುಳ್ಳು ಹೇಳಿದೆ ಭಾವ."

ಭಾವ ಗಕ್ಕನೆ ಅವನತ್ತ ತಿರುಗಿದ. ನರ್ಸ್ ಬೈಯಲಿಲ್ಲ. "ಯಾರಿಂದ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ. ಹೇಳಿದ್ದು ಒಳ್ಳೇದಾಯ್ತು. ಪಕ್ಕದ ಹಾಸಿಗೆ ಅಜ್ಜಿ ಮೇಲೂ ಕಣ್ಣಿಡ್ತೀವಿ."

ಆ ಅಜ್ಜಿಯನ್ನು ಅವನು ನೆನೆದೇ ಇರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪುಣ್ಯಕ್ಕೆ ಅಜ್ಜಿಗೆ ಏನೂ ಆಗಲಿಲ್ಲ. ಏಳನೆಯ ದಿನ ಅಕ್ಕನ ಆಕ್ಸಿಜನ್ ತೆಗೆದರು. ಅಷ್ಟರಲ್ಲಿ ಅವನ ನೆಗಡಿ ಪೂರ್ತಿ ಹೋಗಿತ್ತು. ಆದರೂ ಕೈ ತೊಳೆದು, ಮಾಸ್ಕ್ ಹಾಕಿ, ದೂರವೇ ನಿಂತ. ಭಾವ ಆಗಲೇ ಡಾಕ್ಟರ ಹತ್ತಿರ ಮನೆಯವರಿಗೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವಿಚಾರಿಸುತ್ತಿದ್ದ.

"ತಪ್ಪಾಯ್ತಕ್ಕ. ನೋಡ್ದೆ ಇರೋಕಾಗ್ಲಿಲ್ಲ."

"ನೀನು ಬರದೇ ಇದ್ದಿದ್ರೆ ಎರಡು ದಿನ ಮುನಿಸ್ಕೋತಿದ್ದೆ ಕಣೋ," ಎಂದಳು ಅಕ್ಕ, ಮೆಲ್ಲಗೆ. "ಅಷ್ಟೇ ತಾನೇ?"

ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ನೆಗಡಿ, ಕೆಮ್ಮು, ಜ್ವರ ಇದ್ದರೆ ಆಸ್ಪತ್ರೆಯಲ್ಲಿರುವ ನಿಮ್ಮವರಿಗೆ ಫೋನ್ ಮಾಡಿ ಮಾತಾಡಿ. ಹೋಗಲೇಬೇಕಾದರೆ ಬಾಗಿಲಲ್ಲೇ ನಿಜ ಹೇಳಿ, ಮಾಸ್ಕ್ ಹಾಕಿ, ಕೈ ತೊಳೆಯಿರಿ. ಅವರು ಮುನಿಸಿಕೊಂಡರೆ ಮನೆಗೆ ಬಂದ ಮೇಲೆ ಸಮಾಧಾನ ಮಾಡಿದರಾಯಿತು. ಮೊದಲು ಅವರು ಮನೆಗೆ ಬರಲಿ.