ಬಲಿಲ್ಲಾ ಕಾರಿನ ಎಡಗಡೆಯ ಸೀಟು

ಅಜ್ಜಾವರದ ಮೇದಪ್ಪ ಗೌಡರಲ್ಲಿ ಒಂದು ಇಟಲಿಯ ಕಾರು ಇತ್ತು. ಸುಳ್ಯ ಪೇಟೆಯ ತಿರುಮಲೇಶ್ವರ ಭಟ್ಟರಲ್ಲಿ ಇನ್ನೊಂದು. ಗೌಡರದು ಯುದ್ಧಕ್ಕೆ ಮೊದಲಿನ ಫಿಯೆಟ್ ಬಲಿಲ್ಲಾ, ಕೊಡಗಿನ ಕಾಫಿ ತೋಟ ಮಾರಿ ಹೊರಟ ಬಿಳಿ ದೊರೆಯೊಬ್ಬನಿಂದ ಕೊಂಡದ್ದು. ಭಟ್ಟರದು ಬೊಂಬಾಯಿಯಿಂದ ತರಿಸಿದ ಹೊಸ ಕೆಂಪು ಆಲ್ಫಾ ರೋಮಿಯೋ. ಎರಡೂ ಓಟದ ಕಾರುಗಳು, ಎರಡರಲ್ಲೂ ಇಬ್ಬರಿಗೆ ಮಾತ್ರ ಜಾಗ. ಯಾವುದು ಮೇಲು ಎಂಬ ಚರ್ಚೆ ಮುಗಿದದ್ದೇ ಇಲ್ಲ.

“ನಿಮ್ಮದಕ್ಕೆ ಬದಿಯ ಗಾಜೇ ಇಲ್ಲ ಗೌಡ್ರೆ. ಮಳೆ ಬಂದ್ರೆ ಎಂತ ಮಾಡುದು?”

“ಒದ್ದೆಯಾಗುದು! ನಿಮ್ಮದು ಮದುಮಗಳು, ಕೂತು ನೋಡ್ಲಿಕ್ಕೆ ಚಂದ. ನನ್ನದು ಗುಡ್ಡೆ ಹತ್ತುವ ಕೋಣ. ಬೇಕಾದ್ರೆ ದೇವಮ್ಮನನ್ನೇ ಕೇಳಿ.”

ಗೌಡರ ಹೆಂಡತಿ ದೇವಮ್ಮ ನಗುತ್ತ “ಲಾಯ್ಕ ಉಟ್ಟು” ಎಂದು ತಮ್ಮ ಅರೆಭಾಷೆಯಲ್ಲಿ ಬಲಿಲ್ಲಾವನ್ನೇ ಮೆಚ್ಚುತ್ತಿದ್ದಳು. ಅಲ್ಲಿಗೆ ಗೌಡರು ಗೆದ್ದಂತೆ.

ಅರವತ್ತೆರಡನೆಯ ಇಸವಿಯ ಮಾಘದಲ್ಲಿ ದೇವಮ್ಮ ತೀರಿಕೊಂಡಳು. ಮಕ್ಕಳಿರಲಿಲ್ಲ, ಉಪ್ಪಿನಂಗಡಿಯ ಸಂಗಮದಲ್ಲಿ ಅಸ್ಥಿ ಬಿಡುವ ಕೆಲಸ ಗೌಡರದೇ. ಎತ್ತಿದ ಅಸ್ಥಿಯ ಕುಡಿಕೆಯನ್ನು ಹೊಳೆ ಮುಟ್ಟುವ ತನಕ ಕೆಳಗಿಡಬಾರದೆಂಬುದು ಮನೆತನದ ಕಟ್ಟಳೆ. ಹಾಗಾಗಿ ಕಾರು ಬಿಡಲು ಬೇರೊಬ್ಬರು ಬೇಕು. ಅವಳ ಕೊನೆಯ ಪ್ರಯಾಣವೂ ಬಲಿಲ್ಲಾದಲ್ಲೇ ಆಗಬೇಕೆಂಬುದು ಗೌಡರ ಹಟ. ಅದನ್ನು ಬಲ್ಲ ಭಟ್ಟರು ತಮ್ಮ ಕಾರನ್ನು ಮನೆಯಲ್ಲಿಟ್ಟು ಬಸ್ಸಿನಲ್ಲೇ ಬಂದರು.

ಭಟ್ಟರು ಸ್ಟೇರಿಂಗ್ ಹಿಡಿದರು, ಕುಡಿಕೆಯನ್ನು ಎದೆಗೊತ್ತಿಕೊಂಡು ಗೌಡರು ಎಡಗಡೆ ಕುಳಿತರು. ತಮ್ಮದೇ ಕಾರಿನಲ್ಲಿ ಅವರು ಆ ಕಡೆ ಕುಳಿತದ್ದು ಅದೇ ಮೊದಲು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಪಾದದಡಿಯ ತಗಡು ಕಾದಿತು. ಅಲ್ಲಿ ದೇವಮ್ಮ ಮಡಚಿ ಹಾಕಿದ್ದ ಗೋಣಿಚೀಲ ಕೆಸರಿಗೆಂದು ಅವರು ಇದುವರೆಗೆ ತಿಳಿದಿದ್ದರು. ತಗ್ಗು ಬಾಗಿಲ ಮೇಲಿಂದ ಧೂಳು ನೇರ ಕಣ್ಣಿಗೆ ಹೊಡೆಯಿತು. ಹೊಂಡ ಬಂದಾಗಲೆಲ್ಲ ಮೊಣಕಾಲು ಕಬ್ಬಿಣಕ್ಕೆ ಬಡಿಯಿತು. ಇಷ್ಟು ವರ್ಷ ತಮಗೆ ಹಿಡಿದುಕೊಳ್ಳಲು ಸ್ಟೇರಿಂಗ್ ಇತ್ತು, ಅವಳಿಗೆ? ಬಾಗಿಲ ಅಂಚಿನಲ್ಲಿ ನಾಲ್ಕು ಬೆರಳಿನ ಅಗಲಕ್ಕೆ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು.

ಗೌಡರು ಅದನ್ನೇ ನೋಡುತ್ತ ಕುಳಿತರು.

“ಭಟ್ರೆ, ನಿಮ್ಮ ಮನೆ ಎದುರು ನಿಲ್ಲಿಸಿ.”

“ಎಂತಕ್ಕೆ? ನಾನು ಗೇರು ಹಾಕುದು ಸರಿಯಾಗ್ಲಿಲ್ವಾ?”

“ನಿಮ್ಮ ಕಾರು ತೆಗೀರಿ.”

“ಬೇಡ ಗೌಡ್ರೆ. ಇದರಲ್ಲೇ ಹೋಗ್ಬೇಕು ಅಂತ ನಿಮಗೆ ಆಸೆ ಉಂಟು.”

“ಅದು ನನ್ನ ಆಸೆ. ಅವಳದ್ದು ನಾನು ಕೇಳಿದ್ದೇ ಇಲ್ಲ.”

ಭಟ್ಟರು ನಗಿಸಲು ನೋಡಿದರು. “ಹಾಗಾದ್ರೆ ನನ್ನದೇ ಮೇಲು ಅಂತ ಒಪ್ಪಿದ ಹಾಗಾಯ್ತು!” ಎನ್ನುತ್ತ ಮನೆಯ ಎದುರು ಕಾರು ನಿಲ್ಲಿಸಿದರು.

“ಎಡಗಡೆ ಕೂತವರಿಗೆ ನಿಮ್ಮದೇ ಮೇಲು, ಮಾರಾಯ್ರೆ.”

ಭಟ್ಟರು ಆಲ್ಫಾದ ಸೀಟನ್ನು ಹಿಂದೆ ಸರಿಸಿ, ಗೌಡರನ್ನು ಕೂರಿಸಿ, ಬದಿಯ ಗಾಜು ಏರಿಸಿ, ಬಾಗಿಲನ್ನು ಮೆಲ್ಲನೆ ಹಾಕಿದರು. ಗಾಳಿಯಂತೆ ಓಡಬಲ್ಲ ಕಾರು ಪುತ್ತೂರು ದಾಟಿ ಉಪ್ಪಿನಂಗಡಿ ಮುಟ್ಟುವ ತನಕ ಎತ್ತಿನಗಾಡಿಯಂತೆ ಹೋಯಿತು. ಒಂದು ಹೊಂಡವೂ ಕುಡಿಕೆ ಹಿಡಿದ ಗೌಡರ ಕೈಗೆ ತಿಳಿಯಲಿಲ್ಲ. ಗೆಳೆಯನ ಉಪಕಾರ ದೊಡ್ಡದೆಂದು ಅವರಿಗೆ ಅನಿಸಿತು.

ಸಂಗಮದಲ್ಲಿ ಸೊಂಟಮಟ್ಟದ ನೀರಿಗಿಳಿದು ಕುಡಿಕೆ ಬಿಟ್ಟರು. ಅವಳಿಗೆ ಸದ್ಗತಿ ಬೇಡಬೇಕೆಂದು ಕೈ ಮುಗಿದರೆ ಬಾಯಿಗೆ ಬಂದದ್ದು ಬೇಡಿಕೆಯಲ್ಲ, ಕೃತಜ್ಞತೆ.

“ದೇವರೇ, ಇಂಥವಳನ್ನು ಇಷ್ಟು ವರ್ಷ ನನ್ನ ಬದಿಯಲ್ಲಿ ಕೂರಿಸಿದೆಯಲ್ಲ” ಎಂದಷ್ಟೇ ಹೇಳಿ, ಮೂರು ಸಲ ಮುಳುಗಿ ಎದ್ದರು.