ಒಂದು ಬಕೆಟ್ ಕೊಳೆ

ಪೀಪಾಯಿಯೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟ ಹಿಸ್ಕೆ ಒಂದು ಹಿಡಿ ಕಲ್ಲು ಮೇಲೆತ್ತಿ ಮೂಸಿ ನೋಡಿದಳು. ಕಲ್ಲುಗಳಿಗೆಲ್ಲ ಕಂದು ಲೋಳೆ ಮೆತ್ತಿಕೊಂಡಿತ್ತು. ಬೆರಳ ಸಂದಿಯಿಂದ ಅದು ಜಾರಿ ಅವಳ ಇಸ್ತ್ರಿ ಮಾಡಿದ ಏಪ್ರನ್ನಿನ ಮೇಲೆ ತೊಟ್ಟಿಕ್ಕಿತು.

"ಥೂ," ಎಂದಳು.

ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅಣ್ಣ ಮೈಂಟೆ ಮಂಡಿ ತೋರಿಸಿಕೊಂಡು ಬರಲು ಬೆಳಗಿನ ಬಸ್ಸಿಗೇ ಲೇವಾರ್ಡೆನ್ ಪಟ್ಟಣದ ಆಸ್ಪತ್ರೆಗೆ ಹೋಗಿದ್ದ. ದೊಡ್ಡ ತೊಟ್ಟಿಯಲ್ಲಿದ್ದ ಗೆಂಡೆ ಮೀನುಗಳು ಬಾಯಿ ತೆರೆದು ಮುಚ್ಚುತ್ತ ತಮ್ಮ ಪಾಡಿಗೆ ಸುತ್ತುತ್ತಿದ್ದವು. ಹಿಸ್ಕೆ ತೋಳು ಇನ್ನಷ್ಟು ಮೇಲೆ ಮಡಿಚಿ, ಪೀಪಾಯಿಯ ಕಲ್ಲನ್ನೆಲ್ಲ ಬಕೆಟ್ಟಿಗೆ ತುಂಬತೊಡಗಿದಳು.

ಅವಳ ಮಟ್ಟಿಗೆ ಈ ಮೀನಿನ ಕೋಣೆ ಈಗಲೂ ಹಾಲಿನ ಕೋಣೆಯೇ. ಹೋದ ಶರತ್ಕಾಲದವರೆಗೆ ಇಲ್ಲಿ ಹಾಲಿನ ಟ್ಯಾಂಕು ಇತ್ತು, ಗೋಡೆಯಾಚೆ ಕಪ್ಪುಬಿಳುಪಿನ ಹಸುಗಳಿದ್ದವು. ಅಣ್ಣ ಹಾಲು ಕರೆಯುತ್ತಿದ್ದ, ತಂಗಿ ತೊಳೆಯುತ್ತಿದ್ದಳು. ಇಬ್ಬರೂ ಮದುವೆಯಾಗಲಿಲ್ಲ. ಹಸುಗಳು ರಜೆ ಕೊಡಲಿಲ್ಲ ಎಂದು ಊರವರು ನಗುತ್ತಿದ್ದರು, ಅವರ ಜೊತೆ ಇವರೂ ನಗುತ್ತಿದ್ದರು. ಗೋಡೆಯ ಮೇಲೆ ನೀಲಿ ಅಂಚಿನ ತಟ್ಟೆಗಳು ಸಾಲುಸಾಲಾಗಿ ತೂಗುತ್ತಿದ್ದವು. ವರ್ಷವಿಡೀ ಹಾಲಿನಲ್ಲಿ ಒಂದು ಕಲ್ಮಶವೂ ಸಿಗದ ಮನೆಗೆ ಡೇರಿಯವರು ಕೊಡುತ್ತಿದ್ದ ಬಹುಮಾನ ಅದು. ಹಿಸ್ಕೆಯ ಕಾಲದಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ಅವಳ ಹಾಲಿನ ಕೋಣೆಯ ನೆಲದ ಮೇಲೇ ಬಡಿಸಿಕೊಂಡು ಉಣ್ಣಬಹುದು ಎಂಬ ಮಾತು ಊರಲ್ಲಿತ್ತು.

ಮೈಂಟೆಯ ಮಂಡಿ ಕೈಕೊಟ್ಟ ಮೇಲೆ ಹಸುಗಳನ್ನು ಮಾರಲೇಬೇಕಾಯಿತು. ಲಾರಿ ಹೋದ ದಿನದಿಂದ ಅವನು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಹುಡುಗನಾಗಿದ್ದಾಗಿನಿಂದ ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಿದ್ದವನು ಅದನ್ನೂ ನಿಲ್ಲಿಸಿಬಿಟ್ಟ. ಹಿಸ್ಕೆಗೆ ಹಾಲು ಕರೆಯುವ ಹೊತ್ತಿಗೇ ಎಚ್ಚರವಾಗುತ್ತಿತ್ತು, ಎದ್ದು ಮಾಡುವುದೇನೂ ಇರುತ್ತಿರಲಿಲ್ಲ. ಹಸುಗಳನ್ನು ಹುಲ್ಲುಗಾವಲಿನಿಂದ ಕೂಗಿ ಕರೆಯುತ್ತಿದ್ದವಳು ಅವಳೇ. "ಬಾ...ರೇ, ಬಾ...ರೇ" ಎಂದು ಅವಳು ದನಿ ಎಳೆದರೆ ಕಾಲುವೆಯಾಚೆಯ ಹಸುವೂ ತಲೆ ಎತ್ತುತ್ತಿತ್ತು. ಈಗ ಕೂಗಿ ಕರೆಯುವಂಥದ್ದು ಈ ಮನೆಯಲ್ಲಿ ಏನಿದೆ?

ಚಳಿಗಾಲದ ಕೊನೆಗೆ ಒಂದು ದಿನ ಮೈಂಟೆ ಕುರ್ಚಿಯಿಂದ ಎದ್ದ. ಎಲ್ಲಿಂದಲೋ ತೊಟ್ಟಿ ತಂದ, ಪಂಪು ತಂದ, ಕೊಳವೆ ಜೋಡಿಸಿದ, ಕೊನೆಗೆ ಮೀನು ಬಿಟ್ಟ. ಮೀನಿನ ನೀರು ಕಲ್ಲಿನ ಪೀಪಾಯಿಗೆ, ಅಲ್ಲಿಂದ ಸೊಪ್ಪಿನ ಗಿಡಗಳ ಬೇರಿಗೆ, ಅಲ್ಲಿಂದ ತಿರುಗಿ ತೊಟ್ಟಿಗೆ. ಮಣ್ಣೇ ಇಲ್ಲದ ತೋಟ. ಬಕೆಟ್ಟಿನಲ್ಲಿ ಮರೆತು ಊರಿಗೆ ಹೋಗಿ ಬಂದರೂ ಸಾಯದ ಜಾತಿ ಎಂದು ಮೀನು ಮಾರಿದವನು ಹೇಳಿದ್ದನಂತೆ. "ಮೈಯೆಲ್ಲ ಮುಳ್ಳಿರೋ ಈ ಗೆಂಡೇನ ಯಾರು ತಿಂತಾರೋ?" ಎಂದು ಹಿಸ್ಕೆ ಮೂಗು ಮುರಿದಿದ್ದಳು. ಆದರೆ ಸಿಳ್ಳೆ ವಾಪಸು ಬಂದಿತ್ತು. ಆ ಒಂದು ಕಾರಣಕ್ಕೆ ಮೀನಿನ ವಾಸನೆಯನ್ನೂ ಸಹಿಸಿಕೊಂಡಿದ್ದಳು.

ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ತನ್ನ ತಟ್ಟೆಗಳ ಕೆಳಗೇ ಇಂಥ ಲೋಳೆ ಇದೆಯೆಂದರೆ ಅವಳಿಗೆ ನಿದ್ದೆ ಹತ್ತುವುದಾದರೂ ಹೇಗೆ? ಕುದಿನೀರು ತಂದಳು. ಹಾಲಿನ ಕೊಳವೆ ತೊಳೆಯುವ ಪುಡಿ ಇನ್ನೂ ಅರ್ಧ ಡಬ್ಬಿ ಉಳಿದಿತ್ತು. ಕಲ್ಲುಗಳನ್ನು ಅದರಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ, ಪುಡಿಯ ಗುರುತೂ ಉಳಿಯದ ಹಾಗೆ ಮತ್ತೆ ಮತ್ತೆ ತೊಳೆದಳು. ಪೀಪಾಯಿಯ ಒಳಗೋಡೆಯನ್ನೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಕಲ್ಲುಗಳು ಮಗುವಿನ ಹಲ್ಲಿನಂತೆ ಬೆಳ್ಳಗಾಗಿದ್ದವು. ಎಷ್ಟೋ ತಿಂಗಳ ಮೇಲೆ ಅವಳ ಸೊಂಟ ನೋಯುತ್ತಿತ್ತು, ಅದು ಹಿತವಾಗಿತ್ತು.

ಮೈಂಟೆ ಬಸ್ಸಿಳಿದು ಕುಂಟುತ್ತ ಬಂದವನು ರೈ ಬ್ರೆಡ್ಡಿನ ಮೇಲೆ ಲವಂಗದ ಚೀಸಿಟ್ಟುಕೊಂಡು ತಿಂದು ನೇರ ಮಲಗಿಬಿಟ್ಟ. ತಾನಾಗಿ ನೋಡಿ ಹೊಗಳಲಿ ಎಂದು ಅವಳೂ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಾಲಿನ ಕೋಣೆಯಿಂದ ಸಿಳ್ಳೆ ಕೇಳಲಿಲ್ಲ.

"ಹಿಸ್ಕೆ, ಇಲ್ಲಿ ಬಾ."

ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು, ಏದುಸಿರು ಬಿಡುವವರ ಹಾಗೆ ಬಾಯಿ ಬಡಿಯುತ್ತಿದ್ದವು. ಹಾಕಿದ ಆಹಾರ ಹಾಗೆಯೇ ನೆನೆದು ತೇಲುತ್ತಿತ್ತು. ಮೈಂಟೆ ಗಾಜಿನ ಸಣ್ಣ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಅದಕ್ಕೆ ನೀರು ಕೆಟ್ಟಿದ್ದರೆ ತೋರಿಸುವ ಔಷಧಿಯ ಹನಿ ಬಿಟ್ಟು ಅಲ್ಲಾಡಿಸಿದ. ದಿನಾ ಅದು ತೆಳು ಹಳದಿಯಾಗುತ್ತಿದ್ದುದನ್ನು ಅವಳು ಕಂಡಿದ್ದಳು. ಇವತ್ತು ಬೇಯಿಸಿದ ಪಾಲಕ್ಕಿನಂತೆ ಗಾಢ ಹಸಿರಾಯಿತು. ಅವನು ಪೀಪಾಯಿಯ ಮುಚ್ಚಳ ತೆಗೆದು ಒಂದು ಕಲ್ಲನ್ನು ಎತ್ತಿಕೊಂಡ. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಯಾರು ತೊಳೆದಿದ್ದು?"

"ಈ ಮನೇಲಿ ತೊಳೆಯೋರು ಎಷ್ಟು ಜನ ಇದಾರೆ?"

"ಯಾವಾಗ?"

"ನೀನು ಮಂಡಿ ತೋರಿಸೋಕೆ ಹೋದಾಗ. ಗಬ್ಬು ನಾರ್ತಿತ್ತು ಮೈಂಟೆ. ಒಳಗೆಲ್ಲ ಲೋಳೆ ಕಟ್ಟಿತ್ತು."

"ಆ ಲೋಳೇನೇ ಕಣೇ ಕೆಲಸ ಮಾಡ್ತಿದ್ದಿದ್ದು." ಅವನು ಕಲ್ಲನ್ನು ಮೆಲ್ಲಗೆ ಒಳಗಿಟ್ಟ. "ಅದರಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಇರ್ತವೆ. ಮೀನಿನ ಹೇಲು ಉಚ್ಚೇನ ತಿಂದು ಸೊಪ್ಪಿಗೆ ಗೊಬ್ಬರ ಮಾಡಿಕೊಡೋದು ಅವೇ. ಅವಿಲ್ಲ ಅಂದ್ರೆ ಮೀನಿಗೆ ತನ್ನ ಹೊಲಸೇ ವಿಷ. ಮೀನಿಗಿಂತ ಜಾಸ್ತಿ ನಾನು ಅವನ್ನೇ ಸಾಕಿದ್ದು."

"ಕ್ರಿಮೀನಾ? ನನ್ನ ಹಾಲಿನ ಕೋಣೇಲಿ ನೀನು ಕ್ರಿಮಿ ಸಾಕಿದ್ಯಾ?"

ಬೇರೆ ದಿನವಾಗಿದ್ದರೆ ಇಬ್ಬರಿಗೂ ನಗು ಬರುತ್ತಿತ್ತೋ ಏನೋ. ಮೈಂಟೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತು ಮಂಡಿ ನೀವಿಕೊಂಡ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಹಿಸ್ಕೆಗೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಚಳಿಗಾಲವೆಲ್ಲ ಕಂಡಿದ್ದ ಅದೇ ಮುಖ ಅವನದು. ಈ ಮೀನುಗಳು ಸತ್ತರೆ ಅವನು ಮತ್ತೆ ಆ ಕುರ್ಚಿಗೆ ಹೋಗುತ್ತಾನೆ, ಈ ಸಲ ಏಳುವುದಿಲ್ಲ ಎಂದು ಅವಳಿಗೆ ಹೆದರಿಕೆಯಾಯಿತು.

"ಏನೂ ಮಾಡೋಕಾಗಲ್ವಾ?"

"ಅರ್ಧ ನೀರು ಬದಲಾಯಿಸಬಹುದು, ಊಟ ನಿಲ್ಲಿಸಬಹುದು. ಅದು ಇವತ್ತಿಗಾಯ್ತು. ಹೊಸದಾಗಿ ಲೋಳೆ ಕಟ್ಟೋಕೆ ವಾರಗಟ್ಟಲೆ ಬೇಕು, ಅಷ್ಟು ದಿನ ಇವು ತಾಳಲ್ಲ. ಎಲ್ಲಾದ್ರೂ ಹಳೇ ಲೋಳೆ ಸಿಕ್ಕಿದ್ರೆ, ಮೀನಿರೋ ಕೊಳದ್ದು..."

ಇಬ್ಬರೂ ಕಿಟಕಿಯಿಂದ ಕಾಲುವೆಯಾಚೆ ನೋಡಿದರು. ಅಲ್ಲಿ ಗೊಸ್ಸೆ ಮೇಷ್ಟ್ರ ಮನೆ, ಹಿತ್ತಿಲಲ್ಲಿ ಅವರ ಬಣ್ಣದ ಮೀನುಗಳ ಕೊಳ.

"ನಾನು ಹೋಗಿ ಬರ್ಲಾ?" ಎಂದ ಮೈಂಟೆ.

"ಈ ಮಂಡೀಲಿ? ತೊಳೆದೋಳು ನಾನು, ನಾನೇ ಹೋಗ್ತೀನಿ."

ಗೊಸ್ಸೆ ಮೇಷ್ಟ್ರು ಇಬ್ಬರಿಗೂ ಅಕ್ಷರ ಕಲಿಸಿದವರು. ಪಾಠದಲ್ಲಿ ಎಷ್ಟು ಕಟ್ಟುನಿಟ್ಟೋ ಮನೆ ಹಿತ್ತಿಲಲ್ಲಿ ಅಷ್ಟೇ ಸೋಮಾರಿ. ಹಸಿರುಗಟ್ಟಿದ ಆ ಕೊಳ ಹಿಸ್ಕೆಗೆ ವರ್ಷಗಳಿಂದ ಕಣ್ಣುರಿ. "ಮೇಷ್ಟ್ರೇ, ಇದು ಕೊಳಾನೋ ಬಚ್ಚಲೋ?" ಎಂದು ಸೇತುವೆ ಮೇಲಿಂದ ಕೂಗುವುದು ಅವಳ ರೂಢಿ. ಹೋದ ವರ್ಷ ಮೇಷ್ಟ್ರ ಹುಟ್ಟುಹಬ್ಬಕ್ಕೆ ಊರವರೆಲ್ಲ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದಾಗ, ನೆಲ ಉಜ್ಜುವ ಬ್ರಷ್ಷಿಗೆ ಕೆಂಪು ರಿಬ್ಬನ್ ಕಟ್ಟಿ ಎಲ್ಲರೆದುರು ಉಡುಗೊರೆ ಕೊಟ್ಟಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಖಾಲಿ ಬಕೆಟ್ಟು ಹಿಡಿದು ಅದೇ ಸೇತುವೆ ದಾಟುವಾಗ ಆ ನಗು ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಆ ಯೋಚನೆಯಲ್ಲೇ ಮುಂಬಾಗಿಲಿಗೆ ಹೋಗಿ ಗಂಟೆ ಒತ್ತಿಬಿಟ್ಟಳು. ಆ ಊರಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹಿತ್ತಿಲ ಬಾಗಿಲು ತಳ್ಳಿ, ಹೆಸರು ಕೂಗಿ, ಒಳಗೆ ನಡೆಯುವುದು ವಾಡಿಕೆ. ಮುಂಬಾಗಿಲು ತೆರೆಯುವುದು ಮದುವೆಗೆ, ಇಲ್ಲವೆ ಹೆಣಕ್ಕೆ.

ಒಳಗೆ ಚಿಲಕದೊಂದಿಗೆ ಬಹಳ ಹೊತ್ತು ಗುದ್ದಾಟ ನಡೆಯಿತು. ಉಬ್ಬಿಕೊಂಡಿದ್ದ ಬಾಗಿಲು ಕೊನೆಗೂ ತೆರೆದುಕೊಂಡಾಗ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು.

"ಯಾರು ಹೋದ್ರು ಹಿಸ್ಕೆ? ಮೈಂಟೇನಾ?"

"ಯಾರೂ ಹೋಗಿಲ್ಲ ಮೇಷ್ಟ್ರೇ. ಮೀನು. ಇನ್ನೂ ಹೋಗಿಲ್ಲ, ಆದ್ರೆ ಹೋಗೋ ಹಂಗಿದಾವೆ."

ಮೇಷ್ಟ್ರು ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟರು. ಹಿಸ್ಕೆ ಬಕೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನಿಮ್ಮ ಕೊಳದ್ದು... ಒಂದು ಬಕೆಟ್ ಕೊಳೆ ಬೇಕಿತ್ತು."

"ಇನ್ನೊಂದ್ಸಲ ಹೇಳು."

"ನಿಮಗೆ ಕೇಳಿಸ್ತು."

"ಕೇಳಿಸ್ತು. ಇನ್ನೊಂದ್ಸಲ ಕೇಳೋಣ ಅಂತ ಆಸೆ."

ಅವಳು ಇನ್ನೊಮ್ಮೆ ಹೇಳಿದಳು. ಆಗಿದ್ದನ್ನೂ ಹೇಳಿದಳು. ಮೇಷ್ಟ್ರು ನಗುತ್ತಾರೆಂದು ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅವರು ನಗಲಿಲ್ಲ, ಒಳಗೆ ಹೋಗಿ ಮರದ ಪಾದರಕ್ಷೆ ಮೆಟ್ಟಿಕೊಂಡು ಬಂದರು. ಹಿತ್ತಿಲ ಗೋಡೆಯ ಮೊಳೆಯಲ್ಲಿ ಅವಳು ಕೊಟ್ಟ ಬ್ರಷ್ಷು ರಿಬ್ಬನ್ ಸಮೇತ ನೇತಾಡುತ್ತಿತ್ತು.

"ಒಂದ್ಸಲಾನೂ ಮುಟ್ಟಿಲ್ಲ," ಎಂದರು ಮೇಷ್ಟ್ರು, ಕೊಳದ ಪಕ್ಕದ, ನೀರು ಸೋಸುವ ಪೆಟ್ಟಿಗೆಯಿಂದ ಕಪ್ಪಗಾದ ಸ್ಪಂಜುಗಳನ್ನು ಎತ್ತಿ ಬಕೆಟ್ಟಿಗೆ ಹಾಕುತ್ತ. "ಮುಟ್ಟಿದ್ರೆ ಇವತ್ತು ನಿನ್ನ ಗತಿ ಏನಾಗ್ತಿತ್ತು ಹೇಳು. ನೀನು ಶಾಲೇಲೂ ಹಿಂಗೇ. ರಬ್ಬರಲ್ಲಿ ಅಳಿಸಿ ಅಳಿಸಿ ಹಾಳೇಲಿ ತೂತು ಮಾಡ್ತಿದ್ದೆ."

"ತೂತಾದ್ರೂ ಕ್ಲೀನಾಗಿರ್ತಿತ್ತು."

"ಅದಕ್ಕೇನು ಮಾರ್ಕ್ಸ್ ಕೊಟ್ಟಿದ್ನೇನು?"

ಬಕೆಟ್ಟನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ತಂದರು. ಅಷ್ಟರಲ್ಲಿ ಮೈಂಟೆ ಅರ್ಧ ನೀರು ಬಸಿದು ಹೊಸ ನೀರು ಬಿಟ್ಟಿದ್ದ. ಸ್ಪಂಜುಗಳನ್ನು ಪೀಪಾಯಿಗೆ ಹಿಂಡಿದ್ದು ಹಿಸ್ಕೆಯೇ. ತಾನೇ ಬೆಳ್ಳಗೆ ಮಾಡಿದ್ದ ಕಲ್ಲುಗಳ ಮೇಲೆ ಕಪ್ಪು ನೀರು ಇಳಿಯುವುದನ್ನು ನೋಡುತ್ತ, ತುಟಿ ಬಿಗಿಹಿಡಿದು, ಕೊನೆಯ ಹನಿಯವರೆಗೂ ಹಿಂಡಿದಳು. ಹಿಂಡಿದ ಸ್ಪಂಜನ್ನೂ ಕಲ್ಲುಗಳ ನಡುವೆ ಹೂತಳು.

ಆಮೇಲೆ ಕಾಯುವುದೊಂದೇ ಉಳಿಯಿತು. ದಿನಾ ಬೆಳಿಗ್ಗೆ ಒಂದಷ್ಟು ನೀರು ಬದಲಾಯಿಸುವುದು, ನಳಿಗೆ ಅಲ್ಲಾಡಿಸುವುದು. ಹಿಸ್ಕೆ ಹೆಣಿಗೆ ಹಿಡಿದು ತೊಟ್ಟಿಯ ಪಕ್ಕದಲ್ಲೇ ಕೂರತೊಡಗಿದಳು. ಎರಡು ಮೀನು ಸತ್ತವು. ಮೈಂಟೆ ಅವನ್ನು ಸೇಬಿನ ಮರದ ಬುಡದಲ್ಲಿ ಹೂತು ಬಂದು, ಕೈ ತೊಳೆದುಕೊಂಡ. ಹತ್ತು ಗಂಟೆಯ ಕಾಫಿಗೆ ಮೇಷ್ಟ್ರು ಈಗ ಇಲ್ಲಿಗೇ ಬರುತ್ತಿದ್ದರು. "ನನ್ನ ಕೊಳೆ ಹೇಗಿದೆ?" ಎಂದು ವಿಚಾರಿಸಿಕೊಂಡು, ಸಕ್ಕರೆ ಬ್ರೆಡ್ಡಿನ ಚೂರಿಗೆ ಬೆಣ್ಣೆ ಸವರಿಕೊಳ್ಳುತ್ತಿದ್ದರು. ಹಸಿರು ಬಣ್ಣ ದಿನದಿಂದ ದಿನಕ್ಕೆ ತೆಳುವಾಗುತ್ತ ಬಂತು. ಬೆಳಿಗ್ಗೆ ಎದ್ದವಳೇ ಪೀಪಾಯಿಯ ಮುಚ್ಚಳ ತೆಗೆದು ಮೂಸುವುದು ಹಿಸ್ಕೆಗೆ ಅಭ್ಯಾಸವಾಯಿತು. ಆ ಹಳೆಯ ನಾತ ಮೊದಲ ಸಲ ಮೂಗಿಗೆ ಬಡಿದ ದಿನ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಮುಚ್ಚಳ ಹಾಕಿ ಮತ್ತೆ ತೆಗೆದು ಇನ್ನೊಮ್ಮೆ ಮೂಸಿದಳು.

ನಳಿಗೆಯ ನೀರು ಹಳದಿಯಾದ ಬೆಳಿಗ್ಗೆ ಮೇಷ್ಟ್ರೂ ಅಲ್ಲಿದ್ದರು. ಮೈಂಟೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರಿಗೂ ತೋರಿಸಿದ. ಮುಖ ಮಾತ್ರ ಇನ್ನೂ ಅರಳಿರಲಿಲ್ಲ.

"ನೀರೇನೋ ಸರಿ ಹೋಯ್ತು. ಇಷ್ಟು ದಿನ ಉಪವಾಸ ಇದ್ದೋವು ಬಾಯಿ ಹಾಕಿದ್ರೆ ಬದುಕಿದ ಹಾಗೆ." ಆಹಾರದ ಡಬ್ಬಿಯನ್ನು ಅವನು ತಂಗಿಯ ಕಡೆಗೆ ಚಾಚಿದ. "ನೀನೇ ಹಾಕು."

"ನನಗೆ ಮೀನಿಗೆ ಹಾಕಿ ಅಭ್ಯಾಸ ಇಲ್ಲ."

"ಜೀವಮಾನವೆಲ್ಲ ಹಸುಗೆ ಹಾಕಿದೋಳಿಗೆ ಏನೇ ಅಭ್ಯಾಸ?"

ಅವಳು ಒಂದು ಹಿಡಿ ತೆಗೆದು ನೀರಿನ ಮೇಲೆ ಬೀಸಿದಳು. ಕಾಳುಗಳು ಚದುರಿ ತೇಲಿದವು. ಮೀನುಗಳು ತಳದಲ್ಲಿ ನೆರಳಿನಂತೆ ಬಿದ್ದುಕೊಂಡಿದ್ದವು, ಒಂದೂ ಅಲುಗಲಿಲ್ಲ. ಅವಳು ಕಾದಳು. ಮೈಂಟೆ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮೇಷ್ಟ್ರು ಕಾಫಿ ಬಟ್ಟಲನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ಕಾಳುಗಳು ನೀರು ಕುಡಿದು ಊದತೊಡಗಿದವು.

ಹಿಸ್ಕೆ ತೊಟ್ಟಿಯ ಮೇಲೆ ಬಾಗಿದಳು. ಬಾಯಿ ತೆರೆದದ್ದಷ್ಟೇ ಅವಳಿಗೆ ಗೊತ್ತು.

"ಬಾ...ರೇ," ಎಂದಳು. ದನಿ ಮೊದಲು ಒಡೆಯಿತು, ಆಮೇಲೆ ತನ್ನ ಹಳೆಯ ದಾರಿ ಹಿಡಿಯಿತು. "ಬಾ...ರೇ, ಬಾ...ರೇ, ಬಾ..."

ಬಯಲಿಗೆಂದೇ ಇದ್ದ ಕೂಗು ಅದು. ಟೈಲ್ಸ್ ಹಾಸಿದ ಆ ಸಣ್ಣ ಕೋಣೆಯಲ್ಲಿ ಗೋಡೆಯ ತಟ್ಟೆಗಳು ಸಣ್ಣಗೆ ಝಣಗುಟ್ಟಿದವು. ತಳದ ನೆರಳೊಂದು ಓರೆಯಾಗಿ ತಿರುಗಿತು. ನಿಧಾನವಾಗಿ ಮೇಲೆದ್ದು, ದಪ್ಪ ತುಟಿ ಚಾಚಿ, ಒಂದೇ ಒಂದು ಕಾಳನ್ನು ಎಳೆದುಕೊಂಡು ಮುಳುಗಿತು. ಅದರ ಹಿಂದೆ ಇನ್ನೊಂದು ಬಂತು. ನೋಡನೋಡುತ್ತಿದ್ದಂತೆ ಇಡೀ ತೊಟ್ಟಿ ಕುದಿಯುವ ಪಾತ್ರೆಯಾಯಿತು.

"ಕೆಟ್ಟದಾಗೇನಿಲ್ಲ," ಎಂದರು ಮೇಷ್ಟ್ರು. ಆ ಊರಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೈಂಟೆ ಬಕೆಟ್ಟು ತರುವ ನೆಪದಲ್ಲಿ ಹಸುಗಳ ಖಾಲಿ ಕೊಟ್ಟಿಗೆಯ ಕಡೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸಿಳ್ಳೆ ಕೇಳಿಸಿತು.

ದೊಡ್ಡ ಮೀನೊಂದು ಬಾಲ ಬಡಿದು ನೀರು ಸಿಡಿಸಿತು. ಆ ನೀರು ಕೆಳಸಾಲಿನ ತಟ್ಟೆಯೊಂದಕ್ಕೆ ಬಿದ್ದು, ನೀಲಿ ಅಂಚಿನ ಮೇಲೆ ಕಂದು ಗೆರೆಯಾಗಿ ಇಳಿಯತೊಡಗಿತು. ಹಿಸ್ಕೆಯ ಕೈ ಏಪ್ರನ್ನಿನ ಜೇಬಿನಲ್ಲಿದ್ದ ಬಟ್ಟೆಯ ಕಡೆಗೆ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂದು, ಡಬ್ಬಿಯಿಂದ ಇನ್ನೊಂದು ಹಿಡಿ ತೆಗೆಯಿತು.